ಬಲ, ಚಲನೆ, ನೀರಿನ ಒತ್ತಡ: ನಮ್ಮ ಕಡೆಯ ಮಕ್ಕಳು ಪದೇ ಪದೇ ಕೇಳುವ ಪ್ರಶ್ನೆಗಳು

ಬಾಗಲಕೋಟೆಯಲ್ಲಿ ಒಂಬತ್ತನೇ ತರಗತಿಯಿಂದ ಪಿಯುಸಿವರೆಗಿನ ಮಕ್ಕಳಿಗೆ ನಾನು ಭೌತಶಾಸ್ತ್ರ ಹೇಳಿಕೊಡುತ್ತೇನೆ. ಪ್ರತಿ ವರ್ಷ ಹೊಸ ಮಕ್ಕಳು ಬರುತ್ತಾರೆ, ಆದರೆ ಅವರು ಎಡವುವ ಜಾಗ ಮಾತ್ರ ಅದೇ. ಹಾಗಾಗಿ ಹೆಚ್ಚು ಸಲ ಕೇಳಿದ ಪ್ರಶ್ನೆಗಳನ್ನು ಒಂದೆಡೆ ಬರೆದಿಟ್ಟಿದ್ದೇನೆ. ಓದುವಾಗ ಎರಡು ಮಾತು ನೆನಪಿರಲಿ. ಚಲನೆಯ ಪ್ರಶ್ನೆ ಬಂದರೆ "ಬಲ ಬೀಳುವುದು ಯಾವ ವಸ್ತುವಿನ ಮೇಲೆ, ಹಾಕುವವರು ಯಾರು?" ಎಂದು ಕೇಳಿಕೊಳ್ಳಿ. ನೀರಿನ ಪ್ರಶ್ನೆ ಬಂದರೆ "ಎಷ್ಟು ಆಳ?" ಎಂದು ಕೇಳಿಕೊಳ್ಳಿ. ಅರ್ಧ ಗೊಂದಲ ಅಲ್ಲೇ ಕರಗುತ್ತದೆ.

ಬಸ್ಸು ಒಂದೇ ವೇಗದಲ್ಲಿ ಓಡುವಾಗ ಒಟ್ಟು ಬಲ ಸೊನ್ನೆ ಅಂತೀರಿ. ಹಾಗಾದರೆ ಎಂಜಿನ್ ಯಾಕೆ ಬೇಕು ಸರ್?

ವಿಜಯಪುರಕ್ಕೆ ಹೋಗುವಾಗ ಸಿಗುವ ಕೊರ್ತಿ-ಕೊಲ್ಹಾರ ಸೇತುವೆ ನೆನಪಿಸಿಕೊಳ್ಳಿ. ಕೆಳಗೆ ಕೃಷ್ಣೆ, ಮೇಲೆ ನೇರ ರಸ್ತೆ. ಬಸ್ಸು ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಹೊರಟಿದೆ, ಮೀಟರಿನ ಮುಳ್ಳು ಅಲುಗುತ್ತಿಲ್ಲ. ಈಗ ಬಸ್ಸಿನ ಮೇಲೆ ಬೀಳುವ ಬಲಗಳನ್ನು ಎಣಿಸಿ. ಎಂಜಿನ್ ಗಾಲಿಯನ್ನು ತಿರುಗಿಸುತ್ತದೆ, ಗಾಲಿ ರಸ್ತೆಯನ್ನು ಹಿಂದಕ್ಕೆ ಒತ್ತುತ್ತದೆ, ರಸ್ತೆ ಬಸ್ಸನ್ನು ಮುಂದಕ್ಕೆ ತಳ್ಳುತ್ತದೆ. ಎದುರಿನಿಂದ ಗಾಳಿ ತಡೆಯುತ್ತದೆ. ಟೈರು ಸ್ವಲ್ಪ ಸ್ವಲ್ಪ ಅಮುಕಿ ಬಿಚ್ಚುವುದರಿಂದ, ಬೇರಿಂಗ್ ತಿಕ್ಕಾಟದಿಂದ ಇನ್ನಷ್ಟು ತಡೆ. ಮುಂದಿನ ಬಲ, ಹಿಂದಿನ ಬಲ ಎರಡೂ ಸಮ. ಒಟ್ಟು ಸೊನ್ನೆ.

ಅಂದರೆ ಎಂಜಿನ್ ಕೆಲಸ ಮಾಡುವುದು ತಡೆಯನ್ನು ಸರಿಗಟ್ಟಲು. ಓಡುತ್ತಿರುವ ವಸ್ತು ಹಾಗೇ ಓಡಲು ಬಲ ಬೇಕಿಲ್ಲ. ವೇಗ ಬದಲಾಗಲು ಬಲ ಬೇಕು. ಡ್ರೈವರ್ ಕಾಲು ತೆಗೆದ ಕೂಡಲೇ ಬಸ್ಸು ನಿಧಾನ ಆಗುತ್ತದಲ್ಲ, ಅದು ಬಲ ಇಲ್ಲದ್ದಕ್ಕೆ ಅಲ್ಲ. ಹಿಂದಕ್ಕೆ ಎಳೆಯುವ ಬಲ ಒಂದೇ ಉಳಿದದ್ದಕ್ಕೆ.

"ಓಡಬೇಕಾದರೆ ತಳ್ಳುತ್ತಲೇ ಇರಬೇಕು" ಅನ್ನಿಸುವುದು ನಿಮ್ಮೊಬ್ಬರ ತಪ್ಪಲ್ಲ. ಅರಿಸ್ಟಾಟಲ್ ಹಾಗೆಂದೇ ಹೇಳಿದ್ದ. ಗೆಲಿಲಿಯೋ ಬರುವವರೆಗೆ ಸುಮಾರು ಎರಡು ಸಾವಿರ ವರ್ಷ ಜಗತ್ತು ಅದನ್ನೇ ನಂಬಿತ್ತು. ಘರ್ಷಣೆ ಕಣ್ಣಿಗೆ ಕಾಣುವುದಿಲ್ಲ, ಅದಕ್ಕೇ ಈ ಮೋಸ.

ಎತ್ತು ಬಂಡಿಯನ್ನು ಎಳೆದಷ್ಟೇ ಬಲದಿಂದ ಬಂಡಿಯೂ ಎತ್ತನ್ನು ಹಿಂದಕ್ಕೆ ಎಳೆಯುತ್ತದೆ. ಮತ್ತೆ ಬಂಡಿ ಮುಂದೆ ಹೋಗೋದು ಹೇಗೆ?

ನನಗೆ ಬಹಳ ಇಷ್ಟದ ಪ್ರಶ್ನೆ ಇದು. ಇದನ್ನು ಕೇಳದ ಹುಡುಗ ನ್ಯೂಟನ್ನನ ಮೂರನೇ ನಿಯಮವನ್ನು ಬರೀ ಬಾಯಿಪಾಠ ಮಾಡಿದ್ದಾನೆ ಅಂತಲೇ ನನ್ನ ಲೆಕ್ಕ.

ನಮ್ಮ ಜಾತ್ರೆಗಳಲ್ಲಿ ತೆರಬಂಡಿ ಸ್ಪರ್ಧೆ ನೋಡಿರುತ್ತೀರಿ. ಗಾಲಿ ತಿರುಗದಂತೆ ಕಟ್ಟಿದ ಬಂಡಿಯನ್ನು ಎತ್ತಿನ ಜೋಡಿ ಎಳೆಯಬೇಕು. ಅದರ ಚಿತ್ರ ಬರೆಯೋಣ. ಆದರೆ ಒಂದು ಚಿತ್ರ ಸಾಲದು, ಎರಡು ಬೇಕು. ಎಡವಟ್ಟು ಆಗುವುದು ಇಲ್ಲಿಯೇ.

ಮೊದಲ ಚಿತ್ರದಲ್ಲಿ ಬಂಡಿ ಮಾತ್ರ. ಎತ್ತು ಅದನ್ನು ಮುಂದಕ್ಕೆ ಎಳೆಯುತ್ತದೆ. ನೆಲ ಅದನ್ನು ಘರ್ಷಣೆಯಿಂದ ಹಿಂದಕ್ಕೆ ಹಿಡಿಯುತ್ತದೆ. ಎತ್ತಿನ ಎಳೆತ ಘರ್ಷಣೆಗಿಂತ ಜಾಸ್ತಿಯಾದರೆ ಬಂಡಿ ಕದಲುತ್ತದೆ. ಬಂಡಿ ಎತ್ತನ್ನು ಎಳೆಯುವ ಬಲ ಈ ಚಿತ್ರದಲ್ಲಿ ಇಲ್ಲವೇ ಇಲ್ಲ, ಯಾಕೆಂದರೆ ಅದು ಬೀಳುವುದು ಎತ್ತಿನ ಮೇಲೆ.

ಎರಡನೇ ಚಿತ್ರದಲ್ಲಿ ಎತ್ತು ಮಾತ್ರ. ಎತ್ತು ಗೊರಸಿನಿಂದ ನೆಲವನ್ನು ಹಿಂದಕ್ಕೆ ಒತ್ತುತ್ತದೆ, ನೆಲ ಎತ್ತನ್ನು ಮುಂದಕ್ಕೆ ತಳ್ಳುತ್ತದೆ. ಬಂಡಿ ಅದನ್ನು ಹಿಂದಕ್ಕೆ ಎಳೆಯುತ್ತದೆ. ನೆಲದ ತಳ್ಳು ಜಾಸ್ತಿಯಾದರೆ ಎತ್ತು ಮುಂದೆ ಹೋಗುತ್ತದೆ. ಕ್ರಿಯೆ, ಪ್ರತಿಕ್ರಿಯೆ ಎರಡೂ ಸಮ ಅನ್ನುವುದು ನಿಜ. ಆದರೆ ಅವು ಬೇರೆ ಬೇರೆ ವಸ್ತುಗಳ ಮೇಲೆ ಬೀಳುತ್ತವೆ. ಒಂದನ್ನೊಂದು ಕಳೆಯಲು ಬರುವುದಿಲ್ಲ. ನಿಮ್ಮ ಸಾಲವನ್ನು ಪಕ್ಕದ ಮನೆಯವರ ಉಳಿತಾಯದಲ್ಲಿ ಕಳೆದಂತೆ ಆಗುತ್ತದೆ.

ಮಳೆಯಾಗಿ ಎರೆಮಣ್ಣು ಜಾರುವಾಗ ಎಂಥ ಬಲವಾದ ಎತ್ತೂ ಬಂಡಿ ಎಳೆಯಲಾರದು. ಎತ್ತಿನ ಶಕ್ತಿ ಕಡಿಮೆಯಾಗಿಲ್ಲ. ನೆಲ ಅದನ್ನು ಮುಂದಕ್ಕೆ ತಳ್ಳಲು ಒಪ್ಪುತ್ತಿಲ್ಲ.

ಬಂಡಿ ಮೊದಲು ಕದಲಿಸುವುದೇ ಕಷ್ಟ, ಕದಲಿದ ಮೇಲೆ ಹಗುರ. ಯಾಕೆ?

ನಿಂತ ವಸ್ತುವಿನ ಘರ್ಷಣೆಯ ಮಿತಿ, ಜಾರುವ ವಸ್ತುವಿನ ಘರ್ಷಣೆಗಿಂತ ಸಾಮಾನ್ಯವಾಗಿ ಜಾಸ್ತಿ. ಲೆಕ್ಕಕ್ಕೆ 1,000 ಕೆಜಿ ಬಂಡಿ (ತೂಕ 9,800 ನ್ಯೂಟನ್), ಘರ್ಷಣಾಂಕ, ಅಂದರೆ ಘರ್ಷಣೆ ತೂಕದ ಎಷ್ಟು ಪಾಲು ಅನ್ನುವ ಸಂಖ್ಯೆ, ನಿಂತಾಗ 0.6, ಜಾರುವಾಗ 0.5 ಎಂದು ಇಟ್ಟುಕೊಳ್ಳಿ. ಕದಲಿಸಲು 5,880 ನ್ಯೂಟನ್ ಬೇಕು. ಆಮೇಲೆ 4,900 ಸಾಕು. ಅದಕ್ಕೇ ಅನುಭವ ಇದ್ದವರು ಎತ್ತು ನಡುವೆ ನಿಲ್ಲದಂತೆ ನೋಡಿಕೊಳ್ಳುತ್ತಾರೆ. ನಿಂತರೆ ಮತ್ತೆ 5,880ರಿಂದ ಶುರು.

ಒಂದು ಎಚ್ಚರಿಕೆ. ನಿಂತಾಗಿನ ಘರ್ಷಣೆ ಯಾವಾಗಲೂ 5,880 ಇರುವುದಿಲ್ಲ. ನೀವು 1,000 ನ್ಯೂಟನ್ ಎಳೆದರೆ ಅದೂ 1,000. 3,000 ಎಳೆದರೆ 3,000. 5,880 ಅದರ ಕಡೆಯ ಮಿತಿ ಮಾತ್ರ. ಪರೀಕ್ಷೆಯಲ್ಲಿ ಇಲ್ಲಿ ಅಂಕ ಕಳೆದುಕೊಳ್ಳುವವರು ಬಹಳ ಜನ.

ರಾಶಿ ಬೇರೆ, ತೂಕ ಬೇರೆ ಅಂದರೆ ಏನು?

ರಾಶಿ ಅಂದ ಕೂಡಲೇ ನಮ್ಮ ಮಕ್ಕಳಿಗೆ ಕಣದಲ್ಲಿ ಹಾಕಿದ ಜೋಳದ ರಾಶಿ ನೆನಪಾಗುತ್ತದೆ. ಅದೇ ಒಳ್ಳೆಯದು, ಹಾಗೇ ಇಟ್ಟುಕೊಳ್ಳಿ. ಚೀಲದಲ್ಲಿ ಎಷ್ಟು ಕಾಳು ಇದೆಯೋ ಅದು ರಾಶಿ, 100 ಕೆಜಿ. ಅದನ್ನು ಭೂಮಿ ಎಳೆಯುವ ಬಲ ತೂಕ, ಸುಮಾರು 980 ನ್ಯೂಟನ್. ಚಂದ್ರನ ಮೇಲೆ ಒಯ್ದರೆ ಕಾಳು ಅಷ್ಟೇ, ಎಳೆತ ಆರರಲ್ಲಿ ಒಂದು ಪಾಲು.

ಕಬ್ಬಿನ ಟ್ರ್ಯಾಕ್ಟರ್ ನಿಧಾನ ಹೋಗುತ್ತದೆ. ಆದರೂ ಅದು ಅಪಾಯ ಅಂತ ಯಾಕೆ ಹೇಳ್ತೀರಿ?

ಇದಕ್ಕೆ ಸ್ವಲ್ಪ ಜಾಸ್ತಿ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಸಕ್ಕರೆ ಕಾರ್ಖಾನೆ ಶುರುವಾಯಿತು ಅಂದರೆ ನಮ್ಮ ಬಾಗಲಕೋಟೆ, ವಿಜಯಪುರ, ಬೆಳಗಾವಿ ಮೂರೂ ಜಿಲ್ಲೆಗಳ ರಸ್ತೆ ತುಂಬಾ ಎರಡೆರಡು ಟ್ರೇಲರ್ ಕಟ್ಟಿದ ಟ್ರ್ಯಾಕ್ಟರ್‌ಗಳು. ಟ್ರ್ಯಾಕ್ಟರ್, ಟ್ರೇಲರ್, ಕಬ್ಬು ಸೇರಿ 20 ಟನ್ ಎಂದು ಹಿಡಿಯೋಣ. ವೇಗ ಗಂಟೆಗೆ 20 ಕಿಲೋಮೀಟರ್, ಅಂದರೆ ಸೆಕೆಂಡಿಗೆ ಸುಮಾರು 5.6 ಮೀಟರ್. ಸಂವೇಗ ಅಂದರೆ ರಾಶಿ ಗುಣಿಸು ವೇಗ. ಸುಮಾರು 1,11,000 ಬರುತ್ತದೆ. ಸವಾರ ಸಮೇತ 200 ಕೆಜಿಯ ಬೈಕು 60ರಲ್ಲಿ ಹೋದರೂ ಅದರ ಸಂವೇಗ 3,340 ಅಷ್ಟೇ. ಮೂವತ್ತು ಪಟ್ಟಿಗಿಂತ ಜಾಸ್ತಿ ವ್ಯತ್ಯಾಸ. ಅಷ್ಟು ಸಂವೇಗವನ್ನು ಥಟ್ಟನೆ ಇಳಿಸಬೇಕಾದರೆ ಭಾರೀ ಬಲ ಬೇಕು. ಟ್ರ್ಯಾಕ್ಟರಿನ ಬ್ರೇಕ್ ಅದನ್ನು ಕೊಡಲಾರದು. ಇಳಿಜಾರಿನಲ್ಲಂತೂ ಹಿಂದಿನ ಟ್ರೇಲರ್ ಮುಂದಿನದನ್ನು ತಳ್ಳಿಕೊಂಡು ಬರುತ್ತದೆ.

ಇನ್ನು ಬೈಕಿನ ಕಡೆಯಿಂದ ನೋಡಿ. 60ರ ವೇಗದಲ್ಲಿ ಅಡ್ಡ ಏನೋ ಕಂಡು ಬ್ರೇಕ್ ಹಿಡಿಯಲು ಒಂದು ಸೆಕೆಂಡ್ ಹಿಡಿದರೆ ಅಷ್ಟರಲ್ಲೇ 16.7 ಮೀಟರ್ ಹೋಗಿರುತ್ತೀರಿ. ಬ್ರೇಕ್ ಚೆನ್ನಾಗಿದ್ದರೆ ನಿಲ್ಲಲು ಇನ್ನೂ 23 ಮೀಟರ್ ಬೇಕು. ಒಟ್ಟು 40. ವೇಗ ಎರಡು ಪಟ್ಟು ಆದರೆ ಬ್ರೇಕಿನ ದೂರ ನಾಲ್ಕು ಪಟ್ಟು ಆಗುತ್ತದೆ.

ಕೆಲವು ವರ್ಷಗಳ ಹಿಂದೆ ಜಮಖಂಡಿ ಕಡೆಯಿಂದ ರಾತ್ರಿ ಬೈಕಿನಲ್ಲಿ ಬರುತ್ತಿದ್ದೆ. ರಸ್ತೆ ಮೇಲೆ ಕೆಟ್ಟು ನಿಂತ ಟ್ರೇಲರ್, ಹಿಂದೆ ದೀಪ ಇಲ್ಲ, ರೇಡಿಯಂ ಪಟ್ಟಿಯೂ ಇಲ್ಲ. ನನ್ನ ವೇಗ 40ರ ಸುಮಾರು ಇತ್ತು, ಅದಕ್ಕೇ ಉಳಿದೆ. ಅಂದಿನಿಂದ ಈ ಲೆಕ್ಕವನ್ನು ಪ್ರತಿ ತರಗತಿಯಲ್ಲೂ ಬೋರ್ಡಿನ ಮೇಲೆ ಬಿಡಿಸುತ್ತೇನೆ. ನಿಮ್ಮ ಮನೆಯಲ್ಲಿ ಟ್ರೇಲರ್ ಇದ್ದರೆ ಇವತ್ತೇ ಹಿಂದೆ ಪಟ್ಟಿ ಅಂಟಿಸಿ.

ಗೋಕಾಕ ಫಾಲ್ಸ್ ನೀರು ಕೆಳಗೆ ಮುಟ್ಟುವಾಗ ಎಷ್ಟು ವೇಗ ಇರುತ್ತದೆ?

ಘಟಪ್ರಭೆ ಅಲ್ಲಿ ಸುಮಾರು 52 ಮೀಟರ್ ಬೀಳುತ್ತದೆ. ಗಾಳಿಯ ತಡೆ ಬಿಟ್ಟು ಲೆಕ್ಕ ಹಾಕಿದರೆ 3.3 ಸೆಕೆಂಡ್ ಹಿಡಿಯುತ್ತದೆ, ವೇಗ ಸೆಕೆಂಡಿಗೆ 32 ಮೀಟರ್, ಅಂದರೆ ಗಂಟೆಗೆ 115 ಕಿಲೋಮೀಟರ್. ಹನಿಯಾಗಿ ಒಡೆದ ನೀರನ್ನು ಗಾಳಿ ತಡೆಯುವುದರಿಂದ ಅದು ಇನ್ನೂ ನಿಧಾನವಾಗಿ ಬೀಳುತ್ತದೆ. ದಪ್ಪ ಧಾರೆ ಈ ಲೆಕ್ಕಕ್ಕೆ ಹತ್ತಿರ ಇರುತ್ತದೆ. ಬಂಡೆಯ ತುದಿಗೆ ಹೋಗಿ ನೋಡುವುದು ಬೇಡ, ತೂಗುಸೇತುವೆ ಕಡೆಯಿಂದಲೇ ಚೆನ್ನಾಗಿ ಕಾಣುತ್ತದೆ.

ಆಲಮಟ್ಟಿ ಅಣೆಕಟ್ಟೆ 123 ಟಿಎಂಸಿ ನೀರಿನ ಭಾರ ತಡೆದು ನಿಂತಿದೆ ಅಲ್ವಾ?

ಅಲ್ಲ. ಬಾಗಲಕೋಟೆಯ ಮಕ್ಕಳಿಗೆ ಇದು ಸ್ಪಷ್ಟ ಆಗಲೇಬೇಕು. ನಮ್ಮ ಹಳೆಯ ಊರಿನ ಎಷ್ಟೋ ಮನೆಗಳು ಇದೇ ಹಿನ್ನೀರಿಗಾಗಿ ಹೋದವು.

ಒಂದು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ, ಸುಮಾರು 2.83 ಕೋಟಿ ಘನ ಮೀಟರ್. ಆ ನೀರಿನ ಭಾರವನ್ನು ಹೊರುವುದು ಅದರ ಕೆಳಗಿನ ನೆಲ. ಅಣೆಕಟ್ಟೆಯ ಗೋಡೆಗೆ ತಾಗುವುದು ಪಕ್ಕಕ್ಕೆ ಒತ್ತುವ ಒತ್ತಡ. ಅದು ಆಳದ ಮೇಲೆ ಮಾತ್ರ ನಿಂತಿದೆ. ಹಿನ್ನೀರು ಹತ್ತು ಕಿಲೋಮೀಟರ್ ಹಿಂದೆ ಹೋಗಲಿ, ನೂರು ಹೋಗಲಿ, ಗೋಡೆಗೆ ಗೊತ್ತಾಗುವುದೇ ಇಲ್ಲ.

ಸೂತ್ರ ಸರಳ. ಸಾಂದ್ರತೆ ಗುಣಿಸು ಗುರುತ್ವ ಗುಣಿಸು ಆಳ. 10 ಮೀಟರ್ ಆಳದಲ್ಲಿ 98,000 ಪಾಸ್ಕಲ್, ಅಂದರೆ ಒಂದು ಚದರ ಮೀಟರಿಗೆ ಅಷ್ಟು ನ್ಯೂಟನ್. 30 ಮೀಟರ್ ಆಳದಲ್ಲಿ 2,94,000. ಅಂದರೆ ಒಂದು ಚದರ ಮೀಟರ್ ಜಾಗದ ಮೇಲೆ 30 ಟನ್ ಹೇರಿದ ಹಾಗೆ. ಮೇಲೆ ಏನೂ ಇಲ್ಲ, ಕೆಳಗೆ ಹೋದ ಹಾಗೆ ಜಾಸ್ತಿ. ಸರಾಸರಿ ಒತ್ತಡ ಅರ್ಧ ಆಗುತ್ತದೆ. ಅದನ್ನು ಗೋಡೆಯ ಎತ್ತರದಿಂದ ಗುಣಿಸಿದರೆ, 30 ಮೀಟರ್ ನೀರಿಗೆ ಗೋಡೆಯ ಒಂದೊಂದು ಮೀಟರ್ ಉದ್ದಕ್ಕೂ 450 ಟನ್ ತಳ್ಳು. ಆಳ ಎರಡು ಪಟ್ಟು ಆದರೆ ತಳ್ಳು ನಾಲ್ಕು ಪಟ್ಟು. ಅಣೆಕಟ್ಟೆ ತಳದಲ್ಲಿ ಅಷ್ಟು ದಪ್ಪ ಇರುವುದು ಇದಕ್ಕೇ.

ಜಲಾಶಯ 519.60 ಮೀಟರ್ ತುಂಬಿತು ಅಂತ ಪೇಪರಿನಲ್ಲಿ ಬರುತ್ತದೆ. ಅಷ್ಟು ಆಳವಾ?

ಆ ಸಂಖ್ಯೆ ಸಮುದ್ರ ಮಟ್ಟದಿಂದ ಎಣಿಸಿದ ಎತ್ತರ. ನೀರಿನ ಆಳ ಅಲ್ಲ. ಒಮ್ಮೆ ಒಬ್ಬ ಜಾಣ ಹುಡುಗಿಯೇ 519.60 ಅನ್ನು ಸೂತ್ರಕ್ಕೆ ಹಾಕಿ 50 ಲಕ್ಷ ಪಾಸ್ಕಲ್ ಬಂತು ಅಂದಳು. ಲೆಕ್ಕ ಸರಿ, ಆಳ ತಪ್ಪು.

ಹಾಗಂತ ಆ ಸಂಖ್ಯೆ ಉಪಯೋಗಕ್ಕೆ ಬಾರದು ಅಂತಲ್ಲ. ಕೃಷ್ಣಾ ನ್ಯಾಯಮಂಡಳಿ 2010ರಲ್ಲಿ ನೀರಿನ ಮಟ್ಟವನ್ನು 519.60ರಿಂದ 524.256ಕ್ಕೆ ಏರಿಸಲು ಒಪ್ಪಿತು. ನಮ್ಮ ಮನೆಗಳಲ್ಲಿ ಇದರ ಮಾತು ನಿಂತಿಲ್ಲ. ಭೌತಶಾಸ್ತ್ರ ಏನು ಹೇಳುತ್ತದೆ ನೋಡಿ. ವ್ಯತ್ಯಾಸ 4.656 ಮೀಟರ್. ಈಗ ನೀರೊಳಗಿರುವ ಪ್ರತಿ ಬಿಂದುವಿನಲ್ಲೂ ಒತ್ತಡ ಒಂದೇ ಸಮನೆ ಸುಮಾರು 45,600 ಪಾಸ್ಕಲ್ ಏರುತ್ತದೆ. ತಳದಲ್ಲೂ ಅಷ್ಟೇ, ಮೇಲೂ ಅಷ್ಟೇ. ಪೂರ್ತಿ ಆಳ ಗೊತ್ತಿಲ್ಲದೆಯೂ ಈ ಉತ್ತರ ಸಿಗುತ್ತದೆ.

ಕೂಡಲಸಂಗಮದ ಐಕ್ಯ ಮಂಟಪದ ಸುತ್ತ ನೀರು. ಒಳಗೆ ಮೆಟ್ಟಿಲಿಳಿದು ಹೋದರೆ ಒಣ. ಗೋಡೆ ತಾಳುವುದು ಹೇಗೆ?

ಬಸವಣ್ಣನವರ ಐಕ್ಯ ಮಂಟಪಕ್ಕೆ ಇಳಿಯುವಾಗ ನಾನು ಪ್ರತಿ ಸಲ ಗೋಡೆ ಮುಟ್ಟಿ ನೋಡುತ್ತೇನೆ. ಆಚೆ ಬದಿಗೆ ನಾರಾಯಣಪುರ ಅಣೆಕಟ್ಟೆಯ ಹಿನ್ನೀರು. ಒಳಗಿನ ಕಟ್ಟಡ ಬಾವಿಯ ಹಾಗೆ ದುಂಡಗೆ ಇದೆ. ಗುಟ್ಟು ಆ ದುಂಡಿನಲ್ಲೇ ಇದೆ.

ಚಪ್ಪಟೆ ಗೋಡೆಯನ್ನು ನೀರು ಒತ್ತಿದರೆ ಅದು ಬಾಗಲು ನೋಡುತ್ತದೆ. ಬಾಗಿದರೆ ಒಂದು ಬದಿ ಹಿಗ್ಗುತ್ತದೆ. ಕಲ್ಲು, ಗಾರೆ, ಕಾಂಕ್ರೀಟು ಹಿಗ್ಗುವುದನ್ನು ತಾಳುವುದಿಲ್ಲ, ಬಿರುಕು ಬಿಡುತ್ತವೆ. ದುಂಡು ಗೋಡೆಯನ್ನು ಸುತ್ತಲಿಂದ ಸಮ ಒತ್ತಿದರೆ ಪ್ರತಿ ತುಂಡೂ ಪಕ್ಕದ ತುಂಡಿಗೆ ಒತ್ತಿಕೊಳ್ಳುತ್ತದೆ. ಒತ್ತುವಿಕೆಯನ್ನು ತಾಳುವುದರಲ್ಲಿ ಕಲ್ಲು ಗಟ್ಟಿ. ನಮ್ಮ ಹಿರಿಯರು ಹೊಲದ ಬಾವಿಗಳನ್ನು ದುಂಡಗೆ ಕಟ್ಟಿದ್ದರ ಹಿಂದೆಯೂ ಇದೇ ತಿಳಿವಳಿಕೆ ಇದೆ.

ವಿಜಯಪುರದಲ್ಲಿ ಅಲ್ಲಲ್ಲಿ ನಿಂತ "ಗಂಜ್" ಎಂಬ ಹಳೆಯ ಗೋಪುರಗಳು ನೀರಿನ ಟ್ಯಾಂಕುಗಳಾ?

ಬರೀ ಟ್ಯಾಂಕ್ ಅಲ್ಲ. ಆದಿಲ್ ಶಾಹಿ ಕಾಲದಲ್ಲಿ ತೊರವಿ, ಬೇಗಂ ತಲಾಬ್ ಕಡೆಯಿಂದ ಊರಿಗೆ ನೀರು ಬರುತ್ತಿತ್ತು. ಬೇಗಂ ತಲಾಬ್ ಕಟ್ಟಿಸಿದ್ದು ಮೊಹಮ್ಮದ್ ಆದಿಲ್ ಶಾಹ, 1651ರಲ್ಲಿ. ನೀರು ಹರಿದದ್ದು ಗಾರೆಯೊಳಗೆ ಹುದುಗಿಸಿದ ಮಣ್ಣಿನ ಕೊಳವೆಗಳಲ್ಲಿ. ಮಣ್ಣಿನ ಕೊಳವೆ ಎಷ್ಟು ಒತ್ತಡ ತಾಳೀತು? 15 ಮೀಟರ್ ಇಳಿಜಾರು ಇದ್ದು, ಕೆಳಗಿನ ತುದಿ ಮುಚ್ಚಿದರೆ ಅಲ್ಲಿ 1,47,000 ಪಾಸ್ಕಲ್ ಕೂಡುತ್ತದೆ.

ಅದಕ್ಕೇ ದಾರಿಯಲ್ಲಿ ಗಂಜ್ ಕಟ್ಟಿದರು. ನೀರು ಕೊಳವೆಯಿಂದ ಗೋಪುರದೊಳಗೆ ಏರಿ ತೆರೆದ ಗಾಳಿಗೆ ಬರುತ್ತದೆ. ಅಲ್ಲಿಗೆ ಕೂಡಿಬಂದ ಒತ್ತಡ ಬಿಟ್ಟುಹೋಯಿತು. ಮುಂದಿನ ಕೊಳವೆಗೆ ಲೆಕ್ಕ ಆ ಗಂಜಿನ ನೀರಿನ ಮಟ್ಟದಿಂದ ಹೊಸದಾಗಿ ಶುರು. ನಿಂತ ನೀರಿನಲ್ಲಿ ಕೆಸರೂ ತಳಕ್ಕೆ ಇಳಿಯುತ್ತದೆ. ಪಾಸ್ಕಲ್ ಫ್ರಾನ್ಸಿನಲ್ಲಿ ದ್ರವಗಳ ಒತ್ತಡದ ಬಗ್ಗೆ ಬರೆದದ್ದೂ ಹೆಚ್ಚುಕಡಿಮೆ ಅದೇ ಕಾಲ. ಇಲ್ಲಿನ ಕೆಲಸಗಾರರಿಗೆ ಅವನ ಹೆಸರು ಗೊತ್ತಿರಲಿಲ್ಲ, ನೀರಿನ ಗುಣ ಗೊತ್ತಿತ್ತು. ಗೋಳಗುಮ್ಮಟ ನೋಡಲು ಹೋದವರು ಒಂದು ಗಂಜ್ ಮುಂದೆಯೂ ಐದು ನಿಮಿಷ ನಿಲ್ಲಿ ಎಂದು ನನ್ನ ಕೋರಿಕೆ.

ದೊಡ್ಡ ಟ್ಯಾಂಕ್ ಇಟ್ಟರೆ ನಳದಲ್ಲಿ ನೀರು ಜೋರಾಗಿ ಬರುತ್ತದಾ?

ಇಲ್ಲ. 500 ಲೀಟರ್ ಆಗಲಿ, 5,000 ಆಗಲಿ, ನೀರಿನ ಮಟ್ಟ ನಳಕ್ಕಿಂತ ಎಷ್ಟು ಮೇಲಿದೆ ಅನ್ನುವುದೇ ಲೆಕ್ಕ. ದುಡ್ಡು ಖರ್ಚು ಮಾಡುವುದಾದರೆ ಟ್ಯಾಂಕನ್ನು ಎರಡು ಮೀಟರ್ ಎತ್ತರಿಸಿ, ಕೊಳವೆ ಸ್ವಲ್ಪ ದಪ್ಪದ್ದು ಹಾಕಿಸಿ.

ಬಾವಿಯ ಮೇಲೆ ಮೋಟರ್ ಇಟ್ಟು 15 ಮೀಟರ್ ಕೆಳಗಿನ ನೀರು ಎಳೆಯಲು ಯಾಕೆ ಆಗುವುದಿಲ್ಲ? ಇನ್ನೂ ಹೆಚ್ಚಿನ ಎಚ್‌ಪಿ ಹಾಕಿದರೆ?

ಎಷ್ಟೇ ಎಚ್‌ಪಿ ಹಾಕಿದರೂ ಆಗದು. ಪಂಪು ನೀರನ್ನು ಎಳೆಯುವುದೇ ಇಲ್ಲ. ಅದು ಪೈಪಿನೊಳಗಿನ ಗಾಳಿಯ ಒತ್ತಡ ಇಳಿಸುತ್ತದೆ. ಹೊರಗಿನ ಗಾಳಿ ಬಾವಿಯ ನೀರನ್ನು ಒತ್ತಿ ಪೈಪಿನಲ್ಲಿ ಮೇಲೇರಿಸುತ್ತದೆ. ಗಾಳಿಯ ಕೈಲಾಗುವುದು ಸಮುದ್ರ ಮಟ್ಟದಲ್ಲಿ 10.3 ಮೀಟರ್. ಬೆಳಗಾವಿ ಸುಮಾರು 750 ಮೀಟರ್ ಎತ್ತರದಲ್ಲಿದೆ, ಅಲ್ಲಿ ಗಾಳಿಯ ಒತ್ತಡ ಕಡಿಮೆ, ಒಂಬತ್ತೂವರೆ ಮೀಟರಿಗೆ ಮುಗಿಯಿತು. ಪೈಪಿನ ತಡೆ, ಸಣ್ಣ ಸೋರಿಕೆ ಎಲ್ಲ ಸೇರಿ ಏಳು ಮೀಟರ್ ಸಿಕ್ಕರೆ ದೊಡ್ಡದು. ಅದಕ್ಕೇ ಬೋರ್‌ವೆಲ್ಲಿಗೆ ಪಂಪನ್ನೇ ನೀರೊಳಗೆ ಇಳಿಸುತ್ತಾರೆ. ಕೆಳಗಿನಿಂದ ತಳ್ಳುವುದಕ್ಕೆ ಈ ಮಿತಿ ಇಲ್ಲ.

ಕೊಡ ನೀರೊಳಗೆ ಇರುವಾಗ ಹಗುರ, ಹೊರಗೆ ಬಂದ ಕೂಡಲೇ ಭಾರ. ಯಾಕೆ?

2 ಕೆಜಿಯ ತಾಮ್ರದ ಕೊಡ, ಅದರಲ್ಲಿ 15 ಲೀಟರ್ ನೀರು. ಪೂರ್ತಿ ಮುಳುಗಿದಾಗ ಒಳಗಿನ ನೀರನ್ನು ಸುತ್ತಲಿನ ನೀರೇ ಹೊರುತ್ತದೆ. ತಾಮ್ರವೂ ತನ್ನಷ್ಟು ಜಾಗದ ನೀರನ್ನು ಸರಿಸಿ ಸುಮಾರು 220 ಗ್ರಾಂ ಹಗುರಾಗಿರುತ್ತದೆ. ನಿಮ್ಮ ಕೈಗೆ ತಾಗುವುದು 1.8 ಕೆಜಿಯಷ್ಟೇ. ಹೊರಗೆ ಬಂದರೆ 17 ಕೆಜಿ. ಕೊಡದ ಬಾಯಿ ನೀರು ಬಿಡುವ ಹೊತ್ತಿಗೆ ಸೊಂಟಕ್ಕೆ ಉಳುಕು ಬರುವುದು ಇದಕ್ಕೇ. ಆರ್ಕಿಮಿಡಿಸ್‌ನ ನಿಯಮ ನಮ್ಮ ಅವ್ವಂದಿರ ಕೈಗೆ ದಿನಾ ಗೊತ್ತಾಗುತ್ತಿತ್ತು.

ಮನೆಯಲ್ಲೇ ಮಾಡಿ ನೋಡುವ ಒಂದು ಪ್ರಯೋಗ ಹೇಳಿ.

ಬಾಟಲಿಗೆ ಮೂರು ತೂತು ಹಾಕುವ ಪ್ರಯೋಗ ಎಲ್ಲರಿಗೂ ಗೊತ್ತು. "ಕೆಳಗಿನ ತೂತಿನ ನೀರು ಎಲ್ಲಕ್ಕಿಂತ ದೂರ ಹೋಗುತ್ತದೆ" ಎಂದು ಚಿತ್ರ ಬರೆದಿರುತ್ತಾರೆ. ಅದನ್ನು ನಂಬುವ ಮುಂಚೆ ಮಾಡಿ ನೋಡಿ.

ಬಾಟಲಿಯನ್ನು ನೆಲದ ಮೇಲೆ ಇಡಿ. ನೀರು 24 ಸೆಂಟಿಮೀಟರ್ ಎತ್ತರ ಇರಲಿ, ಇಳಿಯದಂತೆ ಮೇಲಿನಿಂದ ಸುರಿಯುತ್ತಿರಿ. ತೂತುಗಳು ತಳದಿಂದ 6, 12, 18 ಸೆಂಟಿಮೀಟರ್ ಮೇಲೆ. ಕೆಳಗಿನ ತೂತಿನಿಂದ ನೀರು ಜೋರಾಗಿ ಹೊರಡುವುದು ನಿಜ. ಆದರೆ ನೆಲ ಹತ್ತಿರ ಇರುವುದರಿಂದ ಬೇಗ ಬಿದ್ದುಬಿಡುತ್ತದೆ. ಲೆಕ್ಕದ ಪ್ರಕಾರ ನಡುವಿನದು 24 ಸೆಂಟಿಮೀಟರ್ ದೂರ ಹೋಗುತ್ತದೆ. ಮೇಲಿನದೂ ಕೆಳಗಿನದೂ ಒಂದೇ ಜಾಗಕ್ಕೆ, ಸುಮಾರು 21 ಸೆಂಟಿಮೀಟರಿಗೆ ಬೀಳುತ್ತವೆ. ತೂತಿನ ಅಂಚಿನ ತಡೆಯಿಂದ ನಿಮಗೆ ಇದಕ್ಕಿಂತ ಸ್ವಲ್ಪ ಕಡಿಮೆ ಬರಬಹುದು.

ಈಗ ಅದೇ ಬಾಟಲಿಯನ್ನು ಅರ್ಧ ಮೀಟರ್ ಎತ್ತರದ ಸ್ಟೂಲಿನ ಅಂಚಿಗೆ ಇಡಿ. ಕೆಳಗಿನದು 63, ನಡುವಿನದು 55, ಮೇಲಿನದು 40 ಸೆಂಟಿಮೀಟರ್ ಹತ್ತಿರ ಹೋಗಬೇಕು. ಚಿತ್ರದಲ್ಲಿ ಕಂಡದ್ದು ಈಗ ನಿಜವಾಗುತ್ತದೆ. ಎರಡೂ ಸಲ ನೀರು ಬಿದ್ದ ಜಾಗಕ್ಕೆ ಸುಣ್ಣದ ಕಡ್ಡಿಯಿಂದ ಗೆರೆ ಎಳೆದು, ಅಳೆದು, ಬರೆದುಕೊಂಡು ಬನ್ನಿ.